ಬಿಸಾಡಿದ ಬೂದಿಗೂ ಬಂತು ಬೆಲೆ: ಗೆಂಡೆಹಳ್ಳಿಗೂ ಬಂದೀತೇ ಈ ಬ್ಲಾಕು?

ಗೆಂಡೆಹಳ್ಳಿ: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ ಹಿರಿಯರು. ಮದುವೆ ಮಾತು ಹಾಗಿರಲಿ. ಮನೆಗೆ ಪಾಯ ತೆಗೆದವರ ಪಾಡು ಮಾತ್ರ ಬೇಲೂರಿನಲ್ಲಿ ಕೇಳಿ, ಹಳೇಬೀಡಿನಲ್ಲಿ ಕೇಳಿ, ಅರಸೀಕೆರೆಯಲ್ಲಿ ಕೇಳಿ, ಎಲ್ಲಾ ಕಡೆ ಒಂದೇ. ಸಿಮೆಂಟಿನ ರೇಟು ಬೆಳಿಗ್ಗೆ ಒಂದು, ಸಂಜೆ ಒಂದು. ಹೊಳೆ ಮರಳಿನ ಹೆಸರೆತ್ತಿದರೆ ಪರ್ಮಿಟ್ಟಿನ ಪುರಾಣ. ಇಟ್ಟಿಗೆ ಬೇಕೆಂದರೆ ಕೆರೆಯಂಗಳದ್ದೋ ಗದ್ದೆಯದ್ದೋ ಮೇಲ್ಮಣ್ಣು ಹೋಗಬೇಕು, ಗೂಡಿಗೆ ಸೌದೆ ಉರಿಯಬೇಕು. ಒಂದಡಿ ಮೇಲ್ಮಣ್ಣು ಹೋದ ಗದ್ದೆ ಮತ್ತೆ ಹದಕ್ಕೆ ಬರಲು ಎಷ್ಟು ವರ್ಷ ಬೇಕು ಅನ್ನುವುದನ್ನು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದರ ನಡುವೆ ಹೊಸ ಹೆಸರೊಂದು ಇಂಜಿನಿಯರುಗಳ ಬಾಯಲ್ಲಿ ಕೇಳಿಬರುತ್ತಿದೆ: ಜಿಯೋಪಾಲಿಮರ್. ಕಾರ್ಖಾನೆಯವರು ಕಸವೆಂದು ಹೊರಗೆ ಹಾಕಿದ ಬೂದಿ, ಕಿಟ್ಟಗಳಿಂದ ಸಿಮೆಂಟೇ ಇಲ್ಲದೆ ಕಾಂಕ್ರೀಟು ಮಾಡುವ ವಿದ್ಯೆ ಇದು. ಬ್ಲಾಕು, ನೆಲಕ್ಕೆ ಹಾಸುವ ಪೇವರ್, ಚರಂಡಿ ಮುಚ್ಚಳ, ಎಲ್ಲವನ್ನೂ ಇದರಲ್ಲಿ ಎರಕ ಹೊಯ್ಯಬಹುದು.

"ಬೂದಿಯಲ್ಲಿ ಮನೆಯೇ? ಗಾಳಿಗೆ ಹಾರಿಹೋದೀತು ಸ್ವಾಮಿ" ಎಂದು ನಗುವವರು ಇದ್ದಾರೆ. ನಗುವ ಮುಂಚೆ ಒಂದು ಕೆಲಸ ಮಾಡಿ.

ಚೀಲ ತಿರುಗಿಸಿ ನೋಡಿ

ನಿಮ್ಮೂರಿನ ಸಿಮೆಂಟ್ ಅಂಗಡಿಗೆ ಹೋಗಿ ಚೀಲದ ಮೇಲೆ ಅಚ್ಚಾಗಿರುವುದನ್ನು ಓದಿ. ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್ ಅಂತ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಬೆರೆತಿರುವುದು ವಿದ್ಯುತ್ ಸ್ಥಾವರದ ಹಾರುಬೂದಿ. ಭಾರತೀಯ ಮಾನಕದ ಪ್ರಕಾರ ಇದು ನೂರಕ್ಕೆ 15ರಿಂದ 35 ಭಾಗ ಇರಬಹುದು. ಲೆಕ್ಕ ಹಾಕಿ: 50 ಕಿಲೋ ಚೀಲದಲ್ಲಿ ಏಳೂವರೆ ಕಿಲೋದಿಂದ ಹದಿನೇಳೂವರೆ ಕಿಲೋವರೆಗೆ ಬೂದಿ. ಪಿಎಸ್‌ಸಿ, ಅಂದರೆ ಸ್ಲ್ಯಾಗ್ ಸಿಮೆಂಟ್ ಆದರೆ ಉಕ್ಕಿನ ಕಾರ್ಖಾನೆಯ ಕುಲುಮೆಯ ಕಿಟ್ಟ ನೂರಕ್ಕೆ 25ರಿಂದ 70 ಭಾಗದವರೆಗೂ ಇರಬಹುದು.

ಇದು ಕಲಬೆರಕೆಯಲ್ಲ, ಕಾನೂನಿನ ಪ್ರಕಾರವೇ ಮಾಡುವುದು. ಬೂದಿ ಬೆರೆತ ಸಿಮೆಂಟು ಮೊದಲ ದಿನಗಳಲ್ಲಿ ನಿಧಾನವಾಗಿ ಗಟ್ಟಿಯಾದರೂ ಕಾಲ ಕಳೆದಂತೆ ಬಲ ಪಡೆಯುತ್ತದೆ. ಅಂದರೆ ಬೂದಿ ಮನೆಯೆಂದು ನಗುತ್ತಿರುವ ನಾವು ಎಷ್ಟೋ ವರ್ಷದಿಂದ ಬೂದಿ ಮನೆಯಲ್ಲೇ ಮಲಗಿ ಎದ್ದಿದ್ದೇವೆ! ಜಿಯೋಪಾಲಿಮರ್ ಅನ್ನುವುದು ಇದರ ಮುಂದಿನ ಮೆಟ್ಟಿಲು. ಅಲ್ಲಿ ಅರ್ಧಂಬರ್ಧ ಬೂದಿಯಲ್ಲ, ಸಿಮೆಂಟಿನ ಜಾಗದಲ್ಲಿ ಪೂರ್ತಿ ಬೂದಿ ಮತ್ತು ಸ್ಲ್ಯಾಗ್.

ಬೂದಿ ಗುಡ್ಡದ ಕಥೆ

ಈ ಬೂದಿ ಬರುವುದೆಲ್ಲಿಂದ? ನಮ್ಮ ರಾಜ್ಯದ ಮಟ್ಟಿಗೆ ಮೊದಲ ಹೆಸರು ರಾಯಚೂರು. ಕೃಷ್ಣಾ ನದಿ ದಂಡೆಯ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಮುಂದೆ ಎಂಟು ಘಟಕಗಳಾಗಿ 1720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಆಮೇಲೆ ಬಳ್ಳಾರಿ ಜಿಲ್ಲೆಯ ಕುಡತಿನಿ, ರಾಯಚೂರಿನ ಯರಮರಸ್, ವಿಜಯಪುರ ಜಿಲ್ಲೆಯ ಕೂಡಗಿ, ಕರಾವಳಿಯಲ್ಲಿ ಪಡುಬಿದ್ರಿ ಹತ್ತಿರದ ಎಲ್ಲೂರು, ಹೀಗೆ ಒಂದೊಂದಾಗಿ ಎದ್ದವು.

ನಮ್ಮ ದೇಶದ ಕಲ್ಲಿದ್ದಲಿನ ಗುಣ ಏನೆಂದರೆ ಅದು ಉರಿಯುವುದಕ್ಕಿಂತ ಬೂದಿಯಾಗುವುದರಲ್ಲಿ ಮುಂದು. ನೂರು ಕಿಲೋ ಸುಟ್ಟರೆ 30ರಿಂದ 45 ಕಿಲೋ ಬೂದಿ. ರಾಯಚೂರಿನ ಎಂಟೂ ಘಟಕ ಉರಿದರೆ ದಿನಕ್ಕೆ 20 ಸಾವಿರ ಟನ್ನಿಗೂ ಮೀರಿ ಕಲ್ಲಿದ್ದಲು ಬೇಕು. ಬೂದಿ ಎಷ್ಟು ಬಿದ್ದೀತು ಎಂದು ಓದುಗರೇ ಗುಣಿಸಿಕೊಳ್ಳಲಿ. ಇಡೀ ದೇಶದಲ್ಲಿ 2021-22ರ ಒಂದು ವರ್ಷದಲ್ಲಿ ಬಿದ್ದ ಬೂದಿ ಸುಮಾರು 27 ಕೋಟಿ ಟನ್.

ಖರ್ಚಾಗದ ಬೂದಿಯನ್ನು ನೀರಿನಲ್ಲಿ ಕಲಸಿ ದೊಡ್ಡ ದೊಡ್ಡ ಕೊಳಗಳಿಗೆ ಬಿಡುತ್ತಾರೆ. ಬೇಸಿಗೆಯಲ್ಲಿ ಅದು ಒಣಗಿ ಗಾಳಿಗೆ ಎದ್ದರೆ ಸುತ್ತಲಿನವರ ಬಟ್ಟೆ, ಬೆಳೆ, ಊಟದ ತಟ್ಟೆ ಎಲ್ಲಾ ಬೂದಿ. ಮಳೆಗಾಲದಲ್ಲಿ ಏರಿ ಒಡೆಯುವ ಭಯ. 2020ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಸಿಂಗ್ರೌಲಿ ಜಿಲ್ಲೆಯ ಸಾಸನ್ ಸ್ಥಾವರದ ಬೂದಿ ಕೊಳದ ಏರಿ ಒಡೆದು ಮಕ್ಕಳೂ ಸೇರಿ ಜನ ಕೊಚ್ಚಿಹೋದರು. ನಾವು ಸ್ವಿಚ್ ಒತ್ತಿ ದೀಪ ಹಚ್ಚಿದಾಗಲೆಲ್ಲ ಯಾವುದೋ ಊರಿನ ತಲೆ ಮೇಲೆ ಒಂದು ಹಿಡಿ ಬೂದಿ ಬೀಳುತ್ತದೆ. ಅದನ್ನು ಗೋಡೆಗೆ ತಂದರೆ ಆ ಊರಿಗೂ ಉಪಕಾರ, ನಮಗೂ ಉಪಕಾರ ಅನ್ನುವುದು ಈ ಮಾತಿನ ತಿರುಳು.

ಇನ್ನೊಂದು ಸಾಮಾನು ಸ್ಲ್ಯಾಗ್. ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಅದಿರು ಕರಗಿಸಿದಾಗ ಕಬ್ಬಿಣದ ಮೇಲೆ ತೇಲುವ ಕಿಟ್ಟವನ್ನು ನೀರಿಗೆ ಬಿಟ್ಟು ತಣಿಸಿ, ನುಣ್ಣಗೆ ಅರೆದರೆ ಬಿಳಿ ಬಿಳಿಯಾದ ಪುಡಿ. ಇದು ಕೂಡ ಸಿಮೆಂಟಿನ ಅಣ್ಣತಮ್ಮನೇ.

ಸುರ್ಕಿಯ ವಂಶ

ಸುಟ್ಟ ಸಾಮಾನಿನ ಪುಡಿಯಿಂದ ಗಾರೆ ಮಾಡುವುದು ನಮ್ಮವರಿಗೆ ಹೊಸದಲ್ಲ. ಇಟ್ಟಿಗೆ ಪುಡಿಯನ್ನು ಸುಣ್ಣಕ್ಕೆ ಬೆರೆಸಿ ಅರೆದ ಸುರ್ಕಿ ಗಾರೆ ಹಳಬರಿಗೆಲ್ಲ ಗೊತ್ತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದದ್ದೇ ಈ ಸುರ್ಕಿ ಗಾರೆಯಲ್ಲಿ. ಇವತ್ತಿಗೂ ನೀರು ಹಿಡಿದು ನಿಂತಿದೆ. ಸುಟ್ಟ ಜೇಡಿಯಲ್ಲಿ ಇರುವ ಸಿಲಿಕಾ, ಅಲ್ಯೂಮಿನಾಗಳೇ ಸುಣ್ಣದ ಜೊತೆ ಸೇರಿ ಕಲ್ಲಾಗುವುದು. ಹಾರುಬೂದಿಯಲ್ಲಿ ಇರುವುದೂ ಇವೇ ಎರಡು.

ಜಿಯೋಪಾಲಿಮರಿನಲ್ಲಿ ಸುಣ್ಣದ ಬದಲು ಖಾರವಾದ ಕ್ಷಾರ ಬಳಸುತ್ತಾರೆ. ಸೋಪು ಮಾಡುವವರಿಗೆ ಗೊತ್ತಿರುವ ಕಾಸ್ಟಿಕ್ ಸೋಡಾ ಒಂದು, ವಾಟರ್ ಗ್ಲಾಸ್ ಎನ್ನುವ ಸೋಡಿಯಂ ಸಿಲಿಕೇಟ್ ಇನ್ನೊಂದು. ಈ ದ್ರಾವಣ ಬೂದಿಯ ಕಣವನ್ನು ಕರಗಿಸಿ ಒಳಗಿನ ಸಿಲಿಕಾ, ಅಲ್ಯೂಮಿನಾಗಳನ್ನು ಬಿಡಿಸುತ್ತದೆ. ಬಿಡುಗಡೆಯಾದವು ಕೈ ಕೈ ಹಿಡಿದು ಸರಪಳಿಯಾಗಿ ಮತ್ತೆ ಹೆಣೆದುಕೊಳ್ಳುತ್ತವೆ. ಅಷ್ಟೇ, ಕಲ್ಲಾಯಿತು. ಬರೀ ಹಾರುಬೂದಿಯಾದರೆ 60ರಿಂದ 80 ಡಿಗ್ರಿ ಬಿಸಿಯಲ್ಲಿ ಒಂದು ದಿನ ಇಡಬೇಕಾಗುತ್ತದೆ. ಸ್ಲ್ಯಾಗ್ ಬೆರೆಸಿದರೆ ಮಾಮೂಲಿ ಹವೆಯಲ್ಲೇ ಗಟ್ಟಿಯಾಗುತ್ತದೆ.

ಇದರ ಹಿರಿಮೆ ಎಲ್ಲಿದೆ? ಸಿಮೆಂಟ್ ಕಾರ್ಖಾನೆಯಲ್ಲಿ ಸುಣ್ಣಕಲ್ಲನ್ನು 1450 ಡಿಗ್ರಿವರೆಗೆ ಕಾಯಿಸಬೇಕು. ಕಾಯಿಸಲು ಸುಟ್ಟ ಕಲ್ಲಿದ್ದಲಿನ ಹೊಗೆ ಒಂದು ಕಡೆ, ಸುಣ್ಣಕಲ್ಲೇ ಒಡೆದು ಬಿಡುವ ಇಂಗಾಲದ ಅನಿಲ ಇನ್ನೊಂದು ಕಡೆ. ಒಂದು ಟನ್ ಕ್ಲಿಂಕರ್ ಆಗುವಷ್ಟರಲ್ಲಿ ಮುಕ್ಕಾಲು ಟನ್ನಿಗೂ ಮೀರಿ ಅನಿಲ ಆಕಾಶಕ್ಕೆ. ಬೂದಿ, ಸ್ಲ್ಯಾಗ್‌ಗಳು ಆಗಲೇ ಬೆಂಕಿ ಕಂಡು ಬಂದವು. ಅವನ್ನು ಮತ್ತೆ ಸುಡುವ ಕೆಲಸವಿಲ್ಲ. ಹಾಗೆಂದು ಇದು ಪೂರ್ತಿ ಪುಕ್ಕಟೆ ಪುಣ್ಯವೂ ಅಲ್ಲ. ಕಾಸ್ಟಿಕ್ ತಯಾರಿಸಲು ಬೇಕಾದಷ್ಟು ಕರೆಂಟು ಸುಡಬೇಕು, ಸಿಲಿಕೇಟಿಗೆ ದೊಡ್ಡ ಕುಲುಮೆಯೇ ಬೇಕು.

ಹೊರಗಿನವರು ಇದನ್ನು ಮಾಡಿ ತೋರಿಸಿದ್ದಾರೆ. ಕೀವ್ ನಗರದ ವಿಕ್ಟರ್ ಗ್ಲುಖೋವ್‌ಸ್ಕಿ 1950ರ ದಶಕದಲ್ಲೇ ಸ್ಲ್ಯಾಗ್‌ಗೆ ಕ್ಷಾರ ಬೆರೆಸುವ ದಾರಿ ಹಿಡಿದಿದ್ದರು. ಜಿಯೋಪಾಲಿಮರ್ ಎಂದು 1970ರ ದಶಕದಲ್ಲಿ ನಾಮಕರಣ ಮಾಡಿದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಜೋಸೆಫ್ ಡೇವಿಡೋವಿಟ್ಸ್. ಆಸ್ಟ್ರೇಲಿಯಾದ ಟೂವೂಂಬಾದಲ್ಲಿ 2014ರಲ್ಲಿ ತೆರೆದ ವಿಮಾನ ನಿಲ್ದಾಣಕ್ಕೆ ಸುಮಾರು 40 ಸಾವಿರ ಘನ ಮೀಟರ್ ಇಂಥ ಕಾಂಕ್ರೀಟು ಹಾಕಿದ್ದಾರೆ. ವಿಮಾನದ ಭಾರ ತಡೆದದ್ದು ನಮ್ಮ ಬಸ್ ಸ್ಟ್ಯಾಂಡಿನ ಭಾರ ತಡೆಯದೇ?

ನಮ್ಮವರೂ ಕೈ ಕಟ್ಟಿ ಕೂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತನದಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಹಳ್ಳಿಗೆ ಬೇಕಾದ ವಿಜ್ಞಾನವನ್ನೇ ಗುರಿಯಾಗಿಟ್ಟುಕೊಂಡಿತ್ತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಅಲ್ಲಿ ರೂಪಿಸಿದ, ಸುಡದೆ ಒತ್ತಿ ಮಾಡುವ ಮಣ್ಣಿನ ಬ್ಲಾಕುಗಳ ಮನೆಗಳು ರಾಜ್ಯದ ತುಂಬಾ ಇವೆ. ಅದೇ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿಯವರ ತಂಡ ಒಡೆದ ಕಟ್ಟಡಗಳ ಪುಡಿ, ಹಾರುಬೂದಿ, ಸ್ಲ್ಯಾಗ್ ಮತ್ತು ಕ್ಷಾರ ಸೇರಿಸಿ ಸಿಮೆಂಟಿಲ್ಲದ, ಸುಡದ ಇಟ್ಟಿಗೆ ಮಾಡಿದ್ದು 2023ರಲ್ಲಿ ಸುದ್ದಿಯಾಯಿತು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲೂ ರಸ್ತೆ ಕಾಂಕ್ರೀಟಿಗೆ ಇದನ್ನು ಬಳಸುವ ಪ್ರಯೋಗಗಳು ನಡೆದಿವೆ.

ಘಟ್ಟ ಹತ್ತುವ ಲೆಕ್ಕ

ಸರಿ, ಗೆಂಡೆಹಳ್ಳಿಗೆ ಇದರಿಂದೇನು? ನಮ್ಮಲ್ಲಿ ಉಕ್ಕಿನ ಕಾರ್ಖಾನೆಯಿಲ್ಲ, ಬೂದಿ ಗುಡ್ಡವಿಲ್ಲ. ಇಲ್ಲಿಗೆ ಹತ್ತಿರದ ದೊಡ್ಡ ಸ್ಥಾವರವೆಂದರೆ ಘಟ್ಟದ ಕೆಳಗಿನ ಎಲ್ಲೂರು. ಸ್ಲ್ಯಾಗ್ ಬೇಕೆಂದರೆ ತೋರಣಗಲ್ಲು. ಎರಡೂ ದೂರ.

ಇಲ್ಲಿಯೇ ವ್ಯಾಪಾರಸ್ಥರು ಕಿವಿಗೊಡಬೇಕಾದ ಲೆಕ್ಕವಿರುವುದು. ಕಾಂಕ್ರೀಟಿನಲ್ಲಿ ಅಂಟಿನ ಭಾಗ, ಅಂದರೆ ಬೂದಿ ಮತ್ತು ಸ್ಲ್ಯಾಗ್, ಒಟ್ಟು ತೂಕದ ಸುಮಾರು ಆರನೇ ಒಂದು ಪಾಲು. ಮಿಕ್ಕಿದ್ದೆಲ್ಲ ಜಲ್ಲಿ, ಕ್ರಷರ್ ಪುಡಿ, ಎಂ-ಸ್ಯಾಂಡ್. ಅವು ನಮ್ಮ ಜಿಲ್ಲೆಯಲ್ಲೇ ಸಿಗುತ್ತವೆ. ಹದಿನಾರು ಅಂಗುಲ ಉದ್ದ, ಎಂಟು ಅಂಗುಲ ಅಗಲ, ಎಂಟು ಅಂಗುಲ ಎತ್ತರದ ಗಟ್ಟಿ ಬ್ಲಾಕು ಒಂದಕ್ಕೆ ಸುಮಾರು 34 ಕಿಲೋ ತೂಕ. ಹತ್ತು ಟನ್ನಿನ ಲಾರಿಯಲ್ಲಿ ಸಿದ್ಧ ಬ್ಲಾಕು ತಂದರೆ ಮುನ್ನೂರು ಮಾತ್ರ. ಅದೇ ಲಾರಿಯಲ್ಲಿ ಬೂದಿ-ಸ್ಲ್ಯಾಗ್ ಪುಡಿ ತಂದು ಇಲ್ಲಿಯೇ ಜಲ್ಲಿ ಸೇರಿಸಿ ಎರಕ ಹೊಯ್ದರೆ ಸಾವಿರದ ಏಳುನೂರಕ್ಕೂ ಮೇಲೆ! ಬ್ಲಾಕು ತರಿಸುವುದು ನಷ್ಟದ ಬಾಬ್ತು, ಪುಡಿ ತರಿಸಿ ಊರಲ್ಲೇ ಮಾಡುವುದು ಲಾಭದ ಬಾಬ್ತು. ನಾಲ್ಕು ಜನಕ್ಕೆ ಕೆಲಸವೂ ಆಯಿತು.

ಆದರೆ ಶಿರಾಡಿ ಘಾಟಿಯನ್ನು ನಂಬುವ ಹಾಗಿಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗುವುದು ಬಸ್ಸಿನಲ್ಲಿ ಓಡಾಡುವವರಿಗೆ ಗೊತ್ತಿರುವ ಕಥೆಯೇ. ಹಾಗಾಗಿ ಬೇಸಿಗೆಯಲ್ಲೇ ದಾಸ್ತಾನು ಮಾಡಿ, ನೆನೆಯದ ಹಾಗೆ ಗೋಡೌನಿನಲ್ಲಿ ಇಡಬೇಕು. ಬಳ್ಳಾರಿ ಕಡೆಯಿಂದ ಬರುವ ಸಾಮಾನಿಗೆ ಅರಸೀಕೆರೆ ಜಂಕ್ಷನ್ ಇದೆ. ನಾಲ್ಕಾರು ಬ್ಲಾಕು ತಯಾರಕರು ಕೂಡಿ ತರಿಸಿಕೊಂಡರೆ ಬಾಡಿಗೆ ಹಂಚಿಹೋಗುತ್ತದೆ.

ಇನ್ನೂ ಒಂದು ಅನುಕೂಲವಿದೆ. ಸಿಮೆಂಟ್ ಬ್ಲಾಕಿಗೆ ದಿನಗಟ್ಟಲೆ ನೀರು ಹೊಡೆಯಬೇಕು. ಇದಕ್ಕೆ ಬೇಡ. ಒಳಗಿನ ತೇವ ಆರದಂತೆ ಪ್ಲಾಸ್ಟಿಕ್ ಹೊದಿಸಿದರೆ ಸಾಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಅರಸೀಕೆರೆ ಕಡೆಯವರಿಗೆ ಇದು ಸಣ್ಣ ಮಾತಲ್ಲ. ಬೇಲೂರಿನ ಮಲೆನಾಡು ಕಡೆಗೆ ಮಾತ್ರ ಇದೇ ಮಾತು ತಿರುಗುಮುರುಗು. ಆಷಾಢದ ಚಳಿ-ಮಳೆಯಲ್ಲಿ ಬ್ಲಾಕು ಬಿಗಿಯುವುದು ನಿಧಾನ. ಸೂರಿನ ಕೆಳಗೇ ಕೆಲಸ ನಡೆಯಬೇಕು.

ಕೈ ಸುಟ್ಟೀತು, ಜೋಕೆ

ಬೂದಿ ಅಗ್ಗ ಸರಿ. ದುಬಾರಿಯಾಗುವುದು ಅದನ್ನು ಎಬ್ಬಿಸುವ ಔಷಧಿ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು ನೂರು ಕಿಲೋ ಸಿಲಿಕೇಟ್ ದ್ರಾವಣ, ಹದಿನೈದು ಇಪ್ಪತ್ತು ಕಿಲೋ ಕಾಸ್ಟಿಕ್ ಬೇಕಾಗುತ್ತದೆ. ಇವುಗಳ ಪೇಟೆ ಧಾರಣೆ ಏರಿದರೆ ಸಿಮೆಂಟೇ ಅಗ್ಗವಾಗಿ ಕಾಣುತ್ತದೆ. ಇಷ್ಟು ವರ್ಷವಾದರೂ ಜಿಯೋಪಾಲಿಮರ್ ಹಳ್ಳಿ ಮುಟ್ಟದಿರುವ ಮುಖ್ಯ ಕಾರಣಗಳಲ್ಲಿ ಇದೊಂದು.

ಎರಡನೆಯದು ಅಪಾಯ. ಕಾಸ್ಟಿಕ್ ಸೋಡಾ ಚರ್ಮ ತಿನ್ನುತ್ತದೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ನೀರಿಗೆ ಹಾಕಿದಾಗ ಕುದಿಯುವಷ್ಟು ಕಾವೇರುತ್ತದೆ. ಆದ್ದರಿಂದ ನೀರಿಗೆ ಕಾಸ್ಟಿಕ್ಕನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ರಬ್ಬರ್ ಗ್ಲೌಸ್, ಕಣ್ಣಿಗೆ ಮುಚ್ಚು ಕನ್ನಡಕ, ಕಾಲಿಗೆ ಬೂಟು ಇಲ್ಲದೆ ಯಾರನ್ನೂ ಹತ್ತಿರ ಬಿಡಬಾರದು. ಮೈಗೆ ಬಿದ್ದರೆ ಹದಿನೈದು ನಿಮಿಷಕ್ಕೆ ಕಮ್ಮಿಯಿಲ್ಲದಂತೆ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ಬರಿಗೈಯಲ್ಲಿ ಗಾರೆ ಕಲಸಿ ರೂಢಿಯಾದ ನಮ್ಮ ಕೂಲಿ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಡುವವರು ಯಾರು? ಮಾಲೀಕರು ಉಳಿಸುವ ನೂರು ರೂಪಾಯಿ ಗ್ಲೌಸಿಗೆ ಕೂಲಿಯವರ ಬೆರಳು ಬೆಲೆಯಾಗಬಾರದು. ಒಣ ಬೂದಿಯ ಧೂಳೂ ಎದೆಗೆ ಕೆಟ್ಟದ್ದು. ಮುಖಕ್ಕೆ ಮಾಸ್ಕು ಬೇಕೇ ಬೇಕು.

ಮೂರನೆಯದು ಹದ. ಸಿಮೆಂಟಿನ ಕೆಲಸದಲ್ಲಿ ಕಣ್ಣಳತೆ ನಡೆದುಹೋಗುತ್ತದೆ. ಇಲ್ಲಿ ನಡೆಯುವುದಿಲ್ಲ. ಕ್ಷಾರ ಹೆಚ್ಚಾದರೆ ಬ್ಲಾಕಿನ ಮೈಮೇಲೆ ಬಿಳಿ ಉಪ್ಪು ಹೊರಬೀಳುತ್ತದೆ, ಕಡಿಮೆಯಾದರೆ ಪುಡಿಯೇಳುತ್ತದೆ. ಬೂದಿಯೂ ಪ್ರತಿ ಲಾರಿಗೆ ಒಂದೇ ಗುಣದ್ದಲ್ಲ. ಪ್ರತಿ ಲೋಡಿಗೂ ಪರೀಕ್ಷೆ ಬೇಕು.

ಒಲೆ ಬೂದಿ, ಎಸ್ಟೇಟಿನ ಬಾಯ್ಲರಿನ ಸೌದೆ ಬೂದಿ ಇದಕ್ಕೆ ಆಗಬಹುದೇ ಎಂದು ಕೇಳುವವರಿದ್ದಾರೆ. ಆಗದು. ಅದರಲ್ಲಿ ಸುಣ್ಣ, ಪೊಟ್ಯಾಷ್ ಜಾಸ್ತಿ, ಅಲ್ಯೂಮಿನಾ ಕಮ್ಮಿ. ಅದು ಗಿಡದ ಬುಡಕ್ಕೇ ಸರಿ. ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಮಾತ್ರ ಬೇರೆ ಜಾತಿ. ಸರಿಯಾಗಿ ಉರಿದದ್ದಾದರೆ ಅದರಲ್ಲಿ ನೂರಕ್ಕೆ 85-90 ಭಾಗ ಸಿಲಿಕಾ. ಅದರಿಂದಲೇ ಸಿಲಿಕೇಟ್ ದ್ರಾವಣ ಮಾಡುವ ಸಂಶೋಧನೆ ನಡೆಯುತ್ತಿದೆ. ಅದು ಕೈಗೂಡಿದರೆ ನಮ್ಮ ಜಿಲ್ಲೆಯ ಗಿರಣಿಗಳ ತಿಪ್ಪೆಗೂ ಬೆಲೆ ಬಂದೀತು.

ಕೊಳ್ಳುವ ಮುಂಚೆ

ಅಂಗಡಿಯಲ್ಲಿ ಬೂದಿ ಇಟ್ಟಿಗೆ ಅಂದ ಕೂಡಲೇ ಅದು ಜಿಯೋಪಾಲಿಮರ್ ಅಂದುಕೊಳ್ಳಬೇಡಿ. ಮೂರು ನಮೂನೆಗಳಿವೆ. ಬೂದಿಗೆ ಸಿಮೆಂಟೋ ಸುಣ್ಣ-ಜಿಪ್ಸಮ್ಮೋ ಬೆರೆಸಿ ಒತ್ತಿದ ಇಟ್ಟಿಗೆ ಒಂದು. ಇದರ ಸುಣ್ಣ-ಜಿಪ್ಸಮ್ ದಾರಿಯನ್ನು ಜನಪ್ರಿಯ ಮಾಡಿದವರು ವಿಶಾಖಪಟ್ಟಣದ ಭಾನುಮತಿದಾಸ್ ಮತ್ತು ಕಾಳಿದಾಸ್ ದಂಪತಿ. ಅಲ್ಯೂಮಿನಿಯಂ ಪುಡಿ ಹಾಕಿ ಉಬ್ಬಿಸಿ, ಆವಿಯಲ್ಲಿ ಬೇಯಿಸಿದ ಹಗುರ ಎಎಸಿ ಬ್ಲಾಕು ಎರಡನೆಯದು. ಕ್ಷಾರದಲ್ಲಿ ಕಟ್ಟಿದ ಜಿಯೋಪಾಲಿಮರ್ ಮೂರನೆಯದು. ಮಾರುವವರು ಯಾವುದೆಂದು ಬಾಯಿಬಿಟ್ಟು ಹೇಳಬೇಕು, ಬಿಲ್ಲಿನಲ್ಲೂ ಬರೆದುಕೊಡಬೇಕು.

ಬೂದಿ ಇಟ್ಟಿಗೆಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಣ ಇಟ್ಟಿಗೆ ತೂಗಿ ಬರೆದಿಡಿ. ಒಂದು ಹಗಲು ಒಂದು ರಾತ್ರಿ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ತೂಕ ನೂರಕ್ಕೆ 20ಕ್ಕಿಂತ ಏರಿದ್ದರೆ ವಾಪಸ್ ಕಳಿಸಿ. ಮೂರು ಕಿಲೋದ ಇಟ್ಟಿಗೆ ಮೂರು ಕಿಲೋ ಆರುನೂರು ಗ್ರಾಂ ದಾಟಬಾರದು. ಮೂಲೆ ಕರಗಿದರೆ, ಕೈಯಲ್ಲಿ ಉಜ್ಜಿದಾಗ ಪುಡಿ ಬಂದರೆ ಅದೂ ಬೇಡ. ಹೆಚ್ಚು ಸಂಖ್ಯೆಯಲ್ಲಿ ಕೊಳ್ಳುವವರು ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒತ್ತಿಸಿ ಬಲದ ಸರ್ಟಿಫಿಕೇಟು ಪಡೆಯುವುದು ಕ್ಷೇಮ.

ಭಾರತೀಯ ಮಾನಕ ಬ್ಯೂರೋ 2020ರಲ್ಲಿ ಈ ಕ್ಷಾರದ ಕಾಂಕ್ರೀಟಿಗೆ ಮಾರ್ಗದರ್ಶಿ ಹೊರಡಿಸಿದೆ. ಅದು ಇರುವುದು ಮೊದಲೇ ಎರಕ ಹೊಯ್ದು ತರುವ ಸಾಮಾನಿಗೆ. ಮನೆಯ ಆರ್‌ಸಿಸಿ ತಾರಸಿಗೆ ಇದನ್ನು ಹಾಕಿಕೊಡುತ್ತೇನೆಂದು ಯಾರಾದರೂ ಕಂಟ್ರಾಕ್ಟರ್ ಬಂದರೆ ಕೈಮುಗಿದು ಕಳಿಸಿ. ಪ್ರಯೋಗಕ್ಕೆ ನಿಮ್ಮ ತಾರಸಿ ಜಾಗವಲ್ಲ.

ಪಂಚಾಯಿತಿ ಮಾಡಬೇಕಾದ್ದು

ಹಾಗಾದರೆ ಪ್ರಯೋಗ ಎಲ್ಲಿ ಮಾಡಬೇಕು? ಸರ್ಕಾರದ ಕೆಲಸದಲ್ಲಿ. ಬೂದಿ ಬಳಸಬೇಕೆಂದು ಕೇಂದ್ರ ಸರ್ಕಾರ ಮೊದಲು ಆಜ್ಞೆ ಹೊರಡಿಸಿದ್ದು 1999ರ ಸೆಪ್ಟೆಂಬರ್‌ನಲ್ಲಿ. 2021ರ ಡಿಸೆಂಬರ್ 31ರ ಹೊಸ ಆಜ್ಞೆಯಂತೆ ಸ್ಥಾವರದಿಂದ 300 ಕಿ.ಮೀ. ಸುತ್ತಳತೆಯಲ್ಲಿ ನಡೆಯುವ ಕಟ್ಟಡ ಕೆಲಸಗಳಲ್ಲಿ, ಬೆಲೆ ಬೇರೆಯದಕ್ಕಿಂತ ಹೆಚ್ಚಿಲ್ಲದಿದ್ದರೆ, ಬೂದಿಯ ಸಾಮಾನನ್ನೇ ಬಳಸಬೇಕು. ಖರ್ಚು ಮಾಡದೆ ಉಳಿಸಿದ ಬೂದಿಗೆ ಸ್ಥಾವರದವರು ಟನ್ನಿಗೆ ಸಾವಿರ ರೂಪಾಯಿ ದಂಡ ತೆರಬೇಕು. ನಕ್ಷೆ ಬಿಡಿಸಿ ನೋಡಿದರೆ ಎಲ್ಲೂರು ಮತ್ತು ಕುಡತಿನಿ ಎರಡೂ ಬೇಲೂರು ತಾಲ್ಲೂಕಿಗೆ ಈ ಸುತ್ತಳತೆಯೊಳಗೇ ಬರುತ್ತವೆ. ಆಜ್ಞೆ ದೆಹಲಿಯದ್ದಾದರೂ ನಮಗೂ ತಾಗುತ್ತದೆ ಎಂದಾಯಿತು.

ಊರಿನ ಚರಂಡಿ ಮುಚ್ಚಳ, ಶಾಲೆ ಕಾಂಪೌಂಡು, ಬಸ್ ನಿಲ್ಲುವ ಜಾಗದ ಪೇವರ್, ಸಂತೆ ಮಾಳದ ಕಟ್ಟೆ: ಇಂಥ ಕೆಲಸಗಳಲ್ಲಿ ಮೊದಲು ಬಳಸಿ ನೋಡಲಿ. ಬಿರುಕು ಬಿಟ್ಟರೂ ಯಾರ ತಲೆ ಮೇಲೂ ಬೀಳುವುದಿಲ್ಲ. ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಮಾರುವವರು ಹುಟ್ಟಿಕೊಳ್ಳುತ್ತಾರೆ. ಎರಡು ಮಳೆಗಾಲ ಮಲೆನಾಡಿನ ಮಳೆ ಹೊಡೆಸಿಕೊಂಡು ಆ ಪೇವರುಗಳು ನಿಂತರೆ ಜನ ತಾವಾಗಿಯೇ ಮನೆಗೆ ಒಯ್ಯುತ್ತಾರೆ. ನಿಲ್ಲದಿದ್ದರೆ ಯಾಕೆ ನಿಲ್ಲಲಿಲ್ಲವೆಂದು ಇಂಜಿನಿಯರುಗಳು ಉತ್ತರ ಹೇಳಬೇಕಾಗುತ್ತದೆ.

ಯಾವುದೂ ಆಗದಿದ್ದರೆ? ಗದ್ದೆಯ ಮೇಲ್ಮಣ್ಣು ಇಟ್ಟಿಗೆ ಗೂಡಿಗೆ, ಸೌದೆ ಬೆಂಕಿಗೆ, ಶಕ್ತಿನಗರದ ಬೂದಿ ಅಲ್ಲಿನವರ ಎದೆಗೆ. ಈಗ ನಡೆಯುತ್ತಿರುವುದು ಇದೇ. ಗ್ರಾಮಸಭೆಯಲ್ಲಿ ಮುಂದಿನ ಸಲ ಚರಂಡಿ ಕೆಲಸದ ಎಸ್ಟಿಮೇಟು ಓದುವಾಗ ಗೆಂಡೆಹಳ್ಳಿ ಜನ ಎದ್ದು ನಿಂತು ಒಂದೇ ಪ್ರಶ್ನೆ ಕೇಳಲಿ: "ಮುಚ್ಚಳ ಯಾವುದರಲ್ಲಿ ಮಾಡಿಸ್ತೀರಿ?"